ಎಡಗಿವಿಯ ಷಡ್ಜ

ಜೂನ್ 10, 2024, ಸೋಮವಾರ

ಪ್ರಭಣ್ಣ ಇವತ್ತು ನನ್ನ ಝೆರಾಕ್ಸ್-ಕಂಪ್ಯೂಟರ್ ಅಂಗಡಿಗೆ ಬಂದಿದ್ದ. ಹದಿನೈದು ವರ್ಷದಲ್ಲಿ ಇದು ಮೂರನೇ ಸಲ. ಮೊದಲ ಸಲ ಬಂದದ್ದು ರೇಷನ್ ಕಾರ್ಡಿಗೆ ಹೆಂಡತಿಯ ಹೆಸರು ಸೇರಿಸಲು, ಎರಡನೇ ಸಲ ಆ ಹೆಸರು ತಪ್ಪಾಗಿದೆ ಎಂದು ಜಗಳ ತೆಗೆಯಲು. ಇವತ್ತು ಕೈಯಲ್ಲಿ ಬೇಕರಿಯ ಡಬ್ಬಿ ಇತ್ತು. ಸಿಹಿ ತಂದಿದ್ದಾನೆ ಎಂದುಕೊಂಡೆ. ಮುಚ್ಚಳ ತೆಗೆದರೆ ಹದಿನಾಲ್ಕು ಸಿಡಿ.

"ಅಪ್ಪನ ಸಿಡಿ ನೇತ್ರಾ. ಬೂಷ್ಟ ಹಿಡ್ಯಾಕತ್ತಾವು. ಕಂಪ್ಯೂಟರಿನ್ಯಾಗ ಇಳಿಸಿ ಕೊಡು. ಸಿಡಿ ಓದೂ ಮಷೀನು ಇಡೀ ಕುಂದಗೋಳದಾಗ ನಿನ್ನ ಕಡೆ ಒಂದ ಉಳದೈತಿ ಅಂತ. ನೀ ಅಂತೂ ಮನಿ ಮಗಳಿದ್ದಂಗ."

ಮನೆ ಮಗಳು ಎಂದ ಕೂಡಲೇ ಗೊತ್ತಾಯಿತು, ಕೆಲಸ ಪುಕ್ಕಟೆ.

ಲಕ್ಷ್ಮಣಪ್ಪ ಬುವಾ ಹಿಂದುಸ್ತಾನಿ ಗಾಯಕರು, ಪ್ರಭಣ್ಣನಿಗೆ ತಂದೆ, ನನಗೆ ಗುರು. ಹನ್ನೆರಡು ವರ್ಷ ಅವರ ಹಿಂದೆ ತಂಬೂರಿ ಹಿಡಿದು ಕೂತಿದ್ದೇನೆ. ನಾನು ಬಲ್ಲ ಬುವಾ ಎಂದರೆ ಒಂದು ಬಿಳಿ ಜುಬ್ಬಾದ ಬೆನ್ನು, ಎರಡು ಕಿವಿ, ಕುತ್ತಿಗೆಯ ಮೇಲೊಂದು ನರುಲಿ. ಎದುರು ಕೂತು ಅವರ ಬೈಠಕ್ ಕೇಳಿದ್ದು ಒಮ್ಮೆಯೂ ಇಲ್ಲ. 2003ರ ಜನವರಿಯಲ್ಲಿ ಫ್ರಾನ್ಸಿನಿಂದ ಎಟಿಯೆನ್ ಎಂಬುವವರು ಬಂದು ಬುವಾರ ಹಾಡಿಕೆಯನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಹೋದರು. ಊರವರ ಬಾಯಲ್ಲಿ ಅವರು ಇಟ್ಟಣ್ಣ. ಯಾವ ಸಭಾಭವನವೂ ಅವರಿಗೆ ಒಗ್ಗಲಿಲ್ಲ. ಕೊನೆಗೆ ಅರಳೆ ಗಿರಣಿಯ ಗೋದಾಮು ಹಿಡಿದರು. ಸುತ್ತ ಹತ್ತಿ ಅಂಡಿಗೆ, ನಡುವೆ ನಾವು, ಎದುರಿಗೆ ನಲವತ್ತು ಮಂದಿ. ಹತ್ತಿ ಇದ್ದರೆ ಧ್ವನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲವಂತೆ.

ಆಗಸ್ಟ್ 18ಕ್ಕೆ ಬುವಾರ ಹದಿನೈದನೇ ಪುಣ್ಯತಿಥಿ. ಅವತ್ತು ಪ್ರಭಣ್ಣನ ಟ್ರಸ್ಟಿನವರು ಈ ಎಲ್ಲವನ್ನೂ ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಒಂದು ಪ್ರತಿ ಫ್ರಾನ್ಸಿನ ಗ್ರಂಥಾಲಯಕ್ಕೂ ಹೋಗುತ್ತದೆ.

ಮಾಡಿಕೊಡುತ್ತೇನೆ ಎಂದೆ. ಪ್ರಭಣ್ಣನ ಮುಖ ನೋಡಿ ಅಲ್ಲ. ಹನ್ನೊಂದನೇ ಸಿಡಿಯಲ್ಲಿ ಪೂರಿಯಾ ಧನಾಶ್ರೀ ರಾಗ ಇದೆ, ಅದಕ್ಕಾಗಿ. ಬುವಾರಿಗೆ ಆಗ ಎಪ್ಪತ್ತೊಂದು ವರ್ಷ. ಕೊನೆಯ ವೇಗದ ಭಾಗ ದ್ರುತ್‌ನಲ್ಲಿ ಮೇಲಿನ ಷಡ್ಜಕ್ಕೆ ಏರಿದವರ ಧ್ವನಿ ಅಲ್ಲೇ ಒಡೆಯಿತು. ಗುರುವಿನ ಧ್ವನಿ ತಪ್ಪಿದರೆ ಹಿಂದೆ ತಂಬೂರಿಯವರು ಆ ಸ್ವರವನ್ನು ಎತ್ತಿಕೊಳ್ಳಬೇಕು, ಇದು ನಮ್ಮ ಪದ್ಧತಿ. ಎತ್ತಿಕೊಂಡವರ ಹೆಸರನ್ನು ಯಾರೂ ಕೇಳುವುದಿಲ್ಲ, ಅದೂ ಪದ್ಧತಿಯೇ. ಅವತ್ತು ನಾನು ಎತ್ತಿಕೊಂಡೆ. ಬುವಾ ಉಸಿರು ಹೊಂದಿಸಿಕೊಳ್ಳುವವರೆಗೆ ಹಿಡಿದೆ. ಹಾಡು ಮುಗಿದ ಮೇಲೆ ಅವರು ಹಿಂದಕ್ಕೆ ತಿರುಗಲಿಲ್ಲ, ಕೂತಲ್ಲಿಂದಲೇ "ಶಾಬಾಸ್ ಮಗಳ" ಎಂದರು.

ಸಿಡಿಗಳು ಊರಿಗೆ ಬರುವಷ್ಟರಲ್ಲಿ ನನ್ನ ಮದುವೆಯಾಗಿ ಅಣ್ಣಿಗೇರಿಗೆ ಹೋಗಿದ್ದೆ. ತಿರುಗಿ ಬಂದಾಗ ಬುವಾ ಇರಲಿಲ್ಲ. ಪ್ರಭಣ್ಣನ ಮನೆ ಬಾಗಿಲು ಬಡಿದು ಸಿಡಿ ಕೊಡು ಎನ್ನಲು ನನಗೆ ಮನಸ್ಸಾಗಲಿಲ್ಲ. ಹೀಗಾಗಿ ನನ್ನ ಷಡ್ಜವನ್ನು ನಾನೇ ಇದುವರೆಗೆ ಕೇಳಿಲ್ಲ.

ಜೂನ್ 13, ಗುರುವಾರ

ಸಿಡಿ ಜೊತೆಗಿನ ಪುಸ್ತಿಕೆ ಓದಿದೆ. ಗಾಯನ: ಬುವಾ. ತಬಲಾ: ಮಾಬುಸಾಬ. ಹಾರ್ಮೋನಿಯಂ: ಬೀರಲಿಂಗಪ್ಪ. ತಂಬೂರಿ: ಶಿಷ್ಯರು.

ಶಿಷ್ಯರು! ಗೋದಾಮು ಕೊಟ್ಟ ಗಿರಣಿ ಮಾಲಕರ ಹೆಸರಿದೆ. ಚಹಾ ತಂದುಕೊಟ್ಟ ಹೋಟೆಲಿನ ಹೆಸರೂ ಇದೆ. ಬುವಾರ ಬಲಕ್ಕೆ ಮಾಬುಸಾಬ ಕಾಕಾ, ಅವರ ಹಿಂದೆ ಅವರ ಮಗಳು ಅತಿಯಾ. ಎಡಕ್ಕೆ ಬೀರಲಿಂಗಪ್ಪನವರು, ಅವರ ಹಿಂದೆ ನಾನು. ಹದಿನಾಲ್ಕು ಸಿಡಿಗೂ ನಾವಿಬ್ಬರೇ ಕೂತದ್ದು, ಬೆರಳಿನ ತೊಗಲು ಸುಲಿದದ್ದು. ಇಬ್ಬರನ್ನೂ ಸೇರಿಸಿ ಒಂದು ಶಬ್ದದಲ್ಲಿ ಕಟ್ಟಿಹಾಕಿದ್ದಾರೆ.

ಪ್ರತಿ ಹಾಡಿನ ಫೈಲಿನೊಳಗೆ ಹೆಸರು ತುಂಬುವ ಖಾನೆಗಳಿರುತ್ತವೆ: ಹಾಡಿದವರು, ರಾಗ, ಸಾಥ್ ಕೊಟ್ಟವರು. ಅವನ್ನು ತುಂಬುವವಳು ಈಗ ನಾನು. ಅತಿಯಾಳ ಹೆಸರನ್ನೂ ಹಾಕುತ್ತೇನೆ, ಯಾರು ಬೇಡ ಎನ್ನುತ್ತಾರೋ ನೋಡೋಣ.

ಜೂನ್ 17, ಸೋಮವಾರ

ತಲೆ ಕೆಟ್ಟು ಹೋಯಿತು. ಸಿಡಿ ಹಾಕಿದ ಕೂಡಲೇ ಸಾಫ್ಟ್‌ವೇರು ಇಂಟರ್‌ನೆಟ್ಟಿಗೆ ಹೋಗಿ ಹೆಸರುಗಳನ್ನು ತಾನೇ ತಂದು ತುಂಬುತ್ತದೆ. ಎಲ್ಲಿಂದ ಹೆಕ್ಕಿ ತರುತ್ತದೋ ದೇವರೇ ಬಲ್ಲ. ಪುಸ್ತಿಕೆಯಲ್ಲಿ ಎಟಿಯೆನ್ ಹೆಸರಿನ ಮೊದಲ ಅಕ್ಷರದ ಮೇಲೆ ಒಂದು ಓರೆ ಗೀಟು ಇದೆ. ನಮ್ಮ ಊರು, ರಾಗ, ಮನುಷ್ಯರ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿದ್ದಾರೆ. ಆದರೆ ದೀರ್ಘವಿದ್ದಲ್ಲಿ ಮೇಲೊಂದು ಗೆರೆ, ಳ-ಣ ಇದ್ದಲ್ಲಿ ಕೆಳಗೊಂದು ಚುಕ್ಕೆ. ಪರದೆಯ ಮೇಲೆ ನೋಡಿದರೆ ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ. ಕುಂದಗೋಳದ ಓ ಇದ್ದ ಜಾಗದಲ್ಲಿ ತಲೆಯ ಮೇಲೆ ಉಂಗುರ ಹೊತ್ತ ಒಂದು ಎ. ಎಟಿಯೆನ್ ಹೆಸರು ಹೆಡೆ ಎತ್ತಿದ ಹಾವಿನಂಥ ಗುರುತಿನಿಂದ ಶುರುವಾಗುತ್ತದೆ. ಉಳಿದದ್ದು ಪ್ರಶ್ನಾರ್ಥಕ ಚಿಹ್ನೆ, ಖಾಲಿ ಚೌಕ.

ನನಗೆ ಹೊಳೆದದ್ದು ಒಂದೇ: ಇದು ನುಡಿ ಎಂಬ ಹಳೆಯ ಕನ್ನಡ ಫಾಂಟಿನ ಸಮಸ್ಯೆ. ಹತ್ತು ವರ್ಷದಿಂದ ತಹಶೀಲ್ದಾರ ಕಚೇರಿಯ ಅರ್ಜಿಗಳನ್ನು ನುಡಿಯಿಂದ ಯೂನಿಕೋಡಿಗೆ ಬದಲಿಸುತ್ತ ಬಂದವಳಿಗೆ ಬೇರೇನು ಹೊಳೆಯಬೇಕು? ಅದೇ ಪರಿವರ್ತಕಕ್ಕೆ ಎಲ್ಲ ಹೆಸರನ್ನೂ ಸುರಿದೆ. ಬುವಾರ ಹೆಸರು ಕನ್ನಡ ಅಕ್ಷರದಲ್ಲಿ ಬಂತು, ಆದರೆ ಓದಿದರೆ ಬೈಗುಳದ ಹಾಗೆ ಕೇಳುತ್ತಿತ್ತು. ನಗು ಬಂತು, ಆಮೇಲೆ ಸಿಟ್ಟು ಬಂತು.

ಜೂನ್ 24, ಸೋಮವಾರ

ದಾರಿ ಸಿಕ್ಕಿತು. ಯಾರೋ ಯೂನಿಕೋಡಿನಲ್ಲಿ ಬರೆದಿಟ್ಟದ್ದನ್ನು ಈ ಸಾಫ್ಟ್‌ವೇರು ಹಳೆಯ ಯುರೋಪಿನ ಅಕ್ಷರಪಟ್ಟಿ ಹಿಡಿದು ಓದುತ್ತಿತ್ತು. ಒಂದು ಅಕ್ಷರವನ್ನು ಎರಡು ಮೂರು ಚೂರು ಮಾಡಿ ಓದಿದರೆ ಇನ್ನೇನಾದೀತು. ಸೆಟ್ಟಿಂಗ್ ಬದಲಿಸಿದೆ. ಬಂದ ಹೆಸರುಗಳನ್ನು ನಂಬದೆ ಒಂದೊಂದನ್ನೂ ಪುಸ್ತಿಕೆ ನೋಡಿ ನಾನೇ ಟೈಪ್ ಮಾಡಿದೆ. ಗೆರೆಯ ಅಕ್ಷರ, ಚುಕ್ಕೆಯ ಅಕ್ಷರಗಳ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಏಳು ಸಿಡಿ ಮುಗಿದವು. ಕೇಳಲು ಪುರಸೊತ್ತಿಲ್ಲ. ಪಹಣಿಗೆ ಬಂದ ರೈತರನ್ನು ನಿಲ್ಲಿಸಿ ರಾಗ ಕೇಳುತ್ತ ಕೂರುವುದು ಹೇಗೆ? ಇಳಿಸುವುದು, ಹೆಸರು ತುಂಬುವುದು, ಅಷ್ಟೇ.

ಎಟಿಯೆನ್ ತೀರಿಕೊಂಡು ಆರು ವರ್ಷವಾಯಿತಂತೆ. ಅವರ ಹೆಸರಿನ ಮೇಲಿನ ಗೀಟನ್ನು ಸರಿಯಾಗಿ ಹಾಕಿದೆ. ಒಬ್ಬ ಮನುಷ್ಯ ಇಟ್ಟುಕೊಂಡ ಹೆಸರಿನಿಂದ ಒಂದು ಗೀಟು ತೆಗೆಯಲು ನಾನು ಯಾರು.

ಜುಲೈ 2, ಮಂಗಳವಾರ

ಪ್ರಭಣ್ಣನ ಜೊತೆ ಜಗಳ. ಮಾದರಿಗೆಂದು ಕೊಟ್ಟ ಪೆನ್‌ಡ್ರೈವನ್ನು ತನ್ನ ಕಾರಿಗೆ ಚುಚ್ಚಿ ನೋಡಿದ್ದಾನೆ.

"ಏನ್ ಮಾಡಿ ನೇತ್ರಾ? ಗಾಡಿಯೊಳಗ ಅಪ್ಪನ ಹೆಸರಿನ್ಯಾಗ ಬರೇ ಚೌಕ ಚೌಕ ಬರಾಕತ್ತಾವ."

"ಫೈಲಿನ್ಯಾಗ ಸರಿ ಐತಿ ಅಣ್ಣಾ. ನಿನ್ನ ಗಾಡಿಗೆ ಆ ಅಕ್ಷರ ಓದಾಕ ಬರಂಗಿಲ್ಲ."

"ಹಂಗಾರ ಆ ಗೆರಿ ಚುಕ್ಕಿ ಎಲ್ಲಾ ತಗದ ಒಗಿ. ಸಾದಾ ಇಂಗ್ಲಿಷ್‌ನ್ಯಾಗ ಹಾಕು. ಯಾರ್ ನೋಡತಾರ?"

"ನಾ ನೋಡತೀನಿ," ಎಂದೆ. ಗ್ರಂಥಾಲಯದವರು ಪುಸ್ತಿಕೆಯಲ್ಲಿ ಇದ್ದಂತೆಯೇ ಬೇಕು ಎಂದು ಬರೆದಿದ್ದಾರೆ, ಅದನ್ನೂ ತೋರಿಸಿದೆ. ಮೂಗು ಮುರಿದ. ಅದೇ ಬಿಸಿಯಲ್ಲಿ ನನ್ನ ಮಾತನ್ನೂ ಎತ್ತಿದೆ. ತಂಬೂರಿಗೆ ನನ್ನ ಹೆಸರು, ಅತಿಯಾಳ ಹೆಸರು ಹಾಕುತ್ತೇನೆ. ಹನ್ನೊಂದನೇ ಸಿಡಿಗೆ ಗಾಯನ ಸಾಥ್ ಎಂದು ನನ್ನ ಹೆಸರು ಬೇರೆಯಾಗಿ ಬರಬೇಕು.

"ತಂಬೂರಿಗೆ ಹಾಕ್ಕೊ, ಬ್ಯಾಡ ಅನ್ನಂಗಿಲ್ಲ. ಆದರ ಅಪ್ಪನ ಧ್ವನಿ ಹೋಗಿತ್ತು ಅಂತ ಜಗತ್ತಿಗೆ ಸಾರಬೇಕೇನ ನಾ?"

"ಸ್ವರ ಎತ್ತಿಕೊಂಡಾಕಿಗೆ ಒಂದ ಹೆಸರ ಇರಬಾರದೇನ?"

ಗೋಡೆಯ ಪಟ್ಟಿಯ ಮೇಲೆ ಕಣ್ಣಾಡಿಸಿದ. ಅವನಿಗೆ ಬೇರೆ ದಾರಿ ಇಲ್ಲ, ಸಿಡಿಗಳಿರುವುದು ನನ್ನ ಹತ್ತಿರ. "ಮೊದಲ ಕೇಳ್ಸು. ನಿನ್ನ ಧ್ವನಿ ಹೌದಂದ್ರ ಹಾಕೂಣು," ಎಂದು ಹೋದ.

ಹದಿನೈದು ವರ್ಷದಿಂದ ಈ ಊರಿನಲ್ಲಿ ನಾನು ಝೆರಾಕ್ಸ್ ನೇತ್ರಾ, ಆಧಾರ್ ನೇತ್ರಾ. ನನ್ನದು ಎಂದು ಹೇಳಿಕೊಳ್ಳಲು ಆ ಒಂದು ಷಡ್ಜ ಬಿಟ್ಟರೆ ಏನೂ ಇಲ್ಲ.

ಜುಲೈ 9, ಮಂಗಳವಾರ

ಹನ್ನೊಂದನೇ ಸಿಡಿ ಓದುತ್ತಿಲ್ಲ. ಹದಿಮೂರು ಸಿಡಿ ಸುಸೂತ್ರವಾಗಿ ಇಳಿದವು, ಇದೊಂದರ ಮೇಲೆಯೇ ಬಿಳಿ ಕಲೆ. ಸೋಪಿನ ನೀರಿನಲ್ಲಿ ತೊಳೆದೆ, ಮಸ್ಲಿನ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿದೆ. ಡ್ರೈವು ಗೊರಗೊರ ಎಂದು ತಿರುಗಿ ಉಗುಳಿತು. ದೇವರಿಗೂ ನನ್ನ ಮೇಲೆಯೇ ಕಣ್ಣು.

ಜುಲೈ 12, ಶುಕ್ರವಾರ

ಬಂತು!

ಅತೀ ನಿಧಾನದ ವೇಗಕ್ಕೆ ಇಟ್ಟು ಮೂರು ದಿನ ಬಿಟ್ಟಿದ್ದೆ. ಇವತ್ತು ಮಧ್ಯಾಹ್ನ ಪೂರ್ತಿ ಇಳಿಯಿತು. ಇನ್ನೊಮ್ಮೆ ಹಾಕಿದರೆ ಸಿಡಿ ಇದೆ ಎಂದೇ ಡ್ರೈವು ಒಪ್ಪುವುದಿಲ್ಲ. ಅದರ ಆಯುಷ್ಯ ಮುಗಿಯಿತು. ಇರಲಿ, ನನಗೆ ಬೇಕಾದದ್ದು ಸಿಕ್ಕಿತು.

ಷಟರ್ ಅರ್ಧ ಎಳೆದು ಹೆಡ್‌ಫೋನ್ ಹಾಕಿಕೊಂಡೆ. ನೇರ ಆ ಜಾಗಕ್ಕೇ ಹೋದೆ. ಬುವಾ ಏರಿದರು, ಧ್ವನಿ ಹರಿದು ನಿಂತಿತು. ಆಗ ನನ್ನ ಎಡಗಿವಿಯಲ್ಲಿ ಒಂದು ಹೆಣ್ಣು ಧ್ವನಿ ಷಡ್ಜ ಹಿಡಿಯಿತು. ಎಷ್ಟು ಸ್ವಚ್ಛ! ಒಂದೇ ಧ್ವನಿ, ಅಲುಗಾಟವಿಲ್ಲ. ಹನ್ನೊಂದು ಸೆಕೆಂಡು. ಬುವಾರ ಎಡಕ್ಕೆ ಕೂತವಳು ನಾನು, ಎಡಗಿವಿಯಲ್ಲಿ ನಾನು. ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಅತ್ತುಬಿಟ್ಟೆ. ಇಪ್ಪತ್ನಾಲ್ಕು ವರ್ಷದ ನನಗೆ ಇಂಥ ಗಂಟಲು ಇತ್ತೇ? ನನ್ನನ್ನು ನಾನೇ ಕರೆದು ಕೂರಿಸಿ ಊಟಕ್ಕೆ ಹಾಕಬೇಕು ಅನ್ನಿಸಿತು.

ಮನೆಗೆ ಹೋಗಿ ನನ್ನ ಗಂಡ ಸಿದ್ಧಲಿಂಗನಿಗೆ ಹೇಳಿದೆ. "ಛಲೋ ಆತಲ್ಲ," ಎಂದು ಇನ್ನೊಂದು ರೊಟ್ಟಿ ಕೇಳಿದ. ಇವತ್ತು ಅವನ ಮೇಲೂ ಸಿಟ್ಟು ಬರಲಿಲ್ಲ.

ಜುಲೈ 13, ಶನಿವಾರ

ಪ್ರಭಣ್ಣ ಬಂದು ಕೇಳಿದ. ಹೆಡ್‌ಫೋನ್ ತೆಗೆದು ಕರವಸ್ತ್ರದಿಂದ ಮುಖ ಒರೆಸಿಕೊಂಡ. ಅಪ್ಪನ ಧ್ವನಿ ಒಡೆದದ್ದು ಅವನ ಕರುಳಿಗೆ ತಾಕಿರಬೇಕು.

"ಹಾಕು. ಪುಣ್ಯತಿಥಿ ದಿವಸ ಇದನ್ನ ಎಲ್ಲರಿಗೂ ಕೇಳಸೂಣು. ನಿನಗೊಂದ ಶಾಲು ಹೊಚ್ಚತೀವಿ," ಎಂದ.

ಹಾಕಿದೆ. ಗಾಯನ ಸಾಥ್: ನೇತ್ರಾ, ದೀರ್ಘದ ಗೆರೆಯ ಸಮೇತ. ತಂಬೂರಿ: ನೇತ್ರಾ, ಅತಿಯಾ. ಅತಿಯಾಳ ಹೆಸರಿನಲ್ಲಿ ಗೆರೆ ಎಲ್ಲಿ ಬರುತ್ತದೆ ಎಂದು ಉರ್ದು ಶಾಲೆಯ ಮಾಸ್ತರರಿಗೆ ಫೋನ್ ಮಾಡಿ ಕೇಳಿಕೊಂಡೇ ಹಾಕಿದೆ. ಅವಳು ಗುಡಗೇರಿಯಲ್ಲಿ ಬಟ್ಟೆ ಹೊಲಿಯುತ್ತಾಳಂತೆ. ನೋಡಿ ಏಳೆಂಟು ವರ್ಷವಾಯಿತು. ಒಮ್ಮೆ ಕರೆದು ತೋರಿಸಬೇಕು, ಎಷ್ಟು ಖುಷಿಪಡುತ್ತಾಳೋ.

ಜುಲೈ 22, ಸೋಮವಾರ

ಬೆಳೆವಿಮೆಯ ಗದ್ದಲ. ಬೆಳಿಗ್ಗೆ ಏಳಕ್ಕೇ ಅಂಗಡಿ ಮುಂದೆ ಸಾಲು. ಆ ಸಾಲಿನಲ್ಲಿ ಮಾಬುಸಾಬ ಕಾಕಾ ನಿಂತಿದ್ದರು, ಎಪ್ಪತ್ತೆಂಟು ವರ್ಷದವರು, ಛತ್ರಿ ಊರಿಕೊಂಡು. ಒಳಗೆ ಕರೆದು ಕೂರಿಸಿ ಮೊದಲು ಅವರ ಅರ್ಜಿ ಹಾಕಿದೆ. ಮಧ್ಯಾಹ್ನ ಸಾಲು ಕರಗಿದ ಮೇಲೆ, ಕಾಕಾ ಒಂದು ಕೇಳ್ರಿ ಎಂದು ಹೆಡ್‌ಫೋನ್ ನಾನೇ ಅವರ ತಲೆಗೆ ಹಾಕಿದೆ. ನಾನೇ.

ಕಣ್ಣು ಮುಚ್ಚಿ ಕೇಳಿದರು. ತೊಡೆಯ ಮೇಲೆ ಬೆರಳು ಆಡುತ್ತಿದ್ದವು. ಷಡ್ಜ ಮುಗಿದದ್ದೇ ಕಣ್ಣು ಬಿಟ್ಟು, "ಇನ್ನೊಮ್ಮಿ ಹಚ್ಚ ಬೇ," ಎಂದರು. ಹಚ್ಚಿದೆ.

"ನಾ ಹಾಡಿದ್ದು ಕಾಕಾ," ಎಂದೆ. "ಎಡಗಿವ್ಯಾಗ ಕೇಳ್ರಿ."

"ಎಡಗಿವ್ಯಾಗ ಕೇಳತದ ಹೌದು. ನನ್ನ ತಬಲಾನೂ ಅದ ಕಿವ್ಯಾಗ ಐತಲ್ಲ ನೇತ್ರವ್ವ."

"ಅಂದ್ರ?"

"ನಾ ಬುವಾರ ಬಲಕ್ಕ ಕೂಡಾಂವ. ಎದುರ ಕುಂತ ಮಂದಿಗೆ ನಾ ಎಡಕ್ಕ ಬರ್ತೀನಿ. ಇಟ್ಟಣ್ಣನ ಮೈಕು ಮಂದಿ ಕಡೆ ಇತ್ತು, ನಮ್ಮ ಕಡೆ ಅಲ್ಲ. ನೀ ಯಾವತ್ತೂ ಎದುರ ಕುಂತ ಕೇಳಿಲ್ಲ, ಅದಕ್ಕ ನಿನಗ ತಿಳೀಲಿಲ್ಲ." ಹೆಡ್‌ಫೋನ್ ಕಳಚಿ ಕೊಟ್ಟು, "ನನ್ನ ಹಿಂದ ಕುಂತಿದ್ದಾಕಿ ಅತಿಯಾ," ಎಂದರು.

ನಾನು ಹೆಡ್‌ಫೋನಿನ ವೈರು ಸುತ್ತತೊಡಗಿದೆ.

"ಅಕಿ ಅವತ್ತ ಮನಿಗೆ ಬಂದು ಹೇಳಿದ್ಲು, ಅಬ್ಬಾ, ಷಡ್ಜ ನಾ ಹಿಡದೆ, ಬುವಾ ಶಾಬಾಸ್ ಅಂದ್ರು ಅಂತ. ನಾ ನಂಬಲಿಲ್ಲ ಬೇ. ಎಲ್ಲಾರೂ ನಿನ್ನ ಹೆಸರ ಹೇಳಾಕತ್ತಿದ್ರು. ಇನ್ನೊಬ್ಬರದು ನನ್ನದು ಅನಬ್ಯಾಡ ಅಂತ ಬೈದ್ನಿ. ಮತ್ತ ಆ ಮಾತ ಎತ್ತಲಿಲ್ಲ ಅಕಿ. ಹಾಡೂದನ್ನೂ ಬಿಟ್ಲು."

ಅವರ ಕಣ್ಣಲ್ಲಿ ನೀರು. ನನ್ನ ಮೇಲೆ ಒಂದು ಚೂರೂ ಸಿಟ್ಟಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. "ಅಕೀನ್ನ ಕರಕೊಂಡ ಬರ್ತೀನಿ. ಒಮ್ಮಿ ಕೇಳ್ಸು," ಎಂದು ಛತ್ರಿ ಊರಿಕೊಂಡು ಹೋದರು.

ಜುಲೈ 23, ಮಂಗಳವಾರ

ಮುದುಕರು. ಕಿವಿ ಮಂದವಾಗಿದೆ. ಏನೋ ಹೇಳುತ್ತಾರೆ.

ಜುಲೈ 26, ಶುಕ್ರವಾರ

ಪೂರ್ತಿ ಕೇಳಿದೆ, ಮೊದಲಿನಿಂದ ಕೊನೆಯವರೆಗೆ. ತಬಲಾ ಎಡಕ್ಕೆ. ಹಾರ್ಮೋನಿಯಂ ಬಲಕ್ಕೆ. ಬೀರಲಿಂಗಪ್ಪನವರ ಕೆಮ್ಮೂ ಬಲಕ್ಕೆ.

ಎಡಗಡೆಯದನ್ನು ಪೂರ್ತಿ ಬಂದ್ ಮಾಡಿ ಬಲಗಡೆಯದನ್ನು ಮಾತ್ರ ಕೇಳಿದೆ. ಬುವಾರ ಧ್ವನಿ ಒಡೆಯುತ್ತದೆ. ಹಾರ್ಮೋನಿಯಂ ಹಿಂದಿನಿಂದ ಒಬ್ಬಳು ಉಸಿರು ಒಳಗೆ ಎಳೆದುಕೊಳ್ಳುವ ಸದ್ದು ಇದೆ, ಅಗದಿ ಸ್ಪಷ್ಟವಾಗಿದೆ. ಆಮೇಲೆ ತಂಬೂರಿ. ಷಡ್ಜ ಎಲ್ಲೋ ದೂರದಲ್ಲಿ, ಅಂಡಿಗೆಗಳ ಆಚೆಯಿಂದ ಎಂಬಂತೆ.

ಬಾಯಿ ತೆರೆದದ್ದು ನನಗೆ ನೆನಪಿದೆ. ಗಂಟಲು ಬಿಗಿದದ್ದು ನೆನಪಿದೆ, ಎದೆ ತುಂಬಿದ್ದು ನೆನಪಿದೆ. ಸ್ವರ ಕಿವಿಗೆ ಬಿದ್ದದ್ದೂ ನೆನಪಿದೆ. ಅದು ನನ್ನೊಳಗಿನಿಂದ ಬಂತೋ ಆರು ಅಡಿ ಆಚೆಯಿಂದ ಬಂತೋ ಎಂದು ಯಾರಾದರೂ ಆಗ ಕೇಳಿದ್ದರೆ!

ಜುಲೈ 31, ಬುಧವಾರ

ವಿಮೆ ಅರ್ಜಿಗೆ ಕೊನೆಯ ದಿನ. ಸರ್ವರ್ ಇಲ್ಲ. ಬಂದವರೆಲ್ಲ ನನಗೇ ಬೈದು ಹೋದರು.

ಆಗಸ್ಟ್ 4, ಭಾನುವಾರ

ಪ್ರಭಣ್ಣ ಕಾರ್ಯಕ್ರಮದ ಕರಪತ್ರ ತಂದುಕೊಟ್ಟ. ನನ್ನ ಹೆಸರು ದಪ್ಪ ಅಕ್ಷರದಲ್ಲಿ: ಬುವಾ ಅವರ ಹಿರಿಯ ಶಿಷ್ಯೆ. ಊರಿನ ಶಿವಾನುಭವ ಮಂಟಪದ ಹೆಣ್ಣುಮಕ್ಕಳು ನನ್ನನ್ನು ಕರೆಸಿ ಸಂಗೀತ ಕಲಿಸುತ್ತೀರಾ ಎಂದು ಕೇಳಿದರು. ಆಗಲಿ ಎಂದೆ. ಬೀದಿಯಲ್ಲಿ ಕಿರಾಣಿ ಅಂಗಡಿಯವರು ಎದ್ದು ನಿಂತು ನಮಸ್ಕಾರ ಮಾಡಿದರು. ಇಪ್ಪತ್ತೊಂದು ವರ್ಷ ತಡವಾಗಿ.

ಈಗ ಹೋಗಿ ಏನೆಂದು ಹೇಳುವುದು? ಅಲ್ಲ, ನಾನೊಬ್ಬಳೇ ಏಕೆ ಹೇಳಬೇಕು? ಪುಸ್ತಿಕೆಯಲ್ಲಿ ಶಿಷ್ಯರು ಎಂದು ಬರೆದವರು ನಾಚಿಕೊಳ್ಳಲಿಲ್ಲ. ಹಿಂದೆ ತಿರುಗಿ ನೋಡದ ಬುವಾ ನಾಚಿಕೊಳ್ಳಲಿಲ್ಲ. ಒಂದು ಸಲ ತಿರುಗಿ ನೋಡಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅತಿಯಾ ಆದರೂ ಗಟ್ಟಿಯಾಗಿ ಹೇಳಬೇಕಿತ್ತು. ತನ್ನದಾಗಿದ್ದರೆ ಬಿಡುತ್ತಿದ್ದಳೇ? ಅವಳು ಹಾಡು ಬಿಟ್ಟದ್ದಕ್ಕೆ ಮನೆಯಲ್ಲಿ ನೂರು ಕಾರಣ ಇದ್ದಾವು.

ಆಗಸ್ಟ್ 9, ಶುಕ್ರವಾರ

ಎಲ್ಲ ಕೆಲಸ ಮುಗಿಸಿದೆ. ಫೈಲುಗಳು ಬಹಳ ದೊಡ್ಡವಾಗಿದ್ದವು. ಹನ್ನೊಂದನೇ ಸಿಡಿಯಲ್ಲಿ ಬೂಷ್ಟಿನಿಂದಾಗಿ ಅಲ್ಲಲ್ಲಿ ಚಟಚಟ ಸದ್ದೂ ಇತ್ತು. ಎಡ ಬಲ ಎರಡನ್ನೂ ಕೂಡಿಸಿ ಒಂದು ಮಾಡಿದರೆ ಗಾತ್ರ ಅರ್ಧವಾಗುತ್ತದೆ, ಸದ್ದೂ ಕಡಿಮೆಯಾಗುತ್ತದೆ. ಹಳೆಯ ರೆಕಾರ್ಡಿಂಗಿಗೆ ಹಾಗೆ ಮಾಡುವುದು ರೂಢಿಯಲ್ಲೇ ಇದೆ. ಮಾಡಿದೆ. ಈಗ ಎರಡೂ ಕಿವಿಗೆ ಒಂದೇ ಸಮ ಕೇಳುತ್ತದೆ, ಎಲ್ಲರೂ ನಡುವಿನಿಂದಲೇ ಹಾಡುತ್ತಾರೆ, ತಬಲಾ ಕೂಡ. ಹಳೆಯ ಫೈಲು ಇಟ್ಟುಕೊಂಡು ಏನು ಮಾಡುವುದು ಎಂದು ಅಳಿಸಿದೆ.

ಕೂತ ಕೆಲಸಕ್ಕೆ ಗೆರೆ ಚುಕ್ಕೆಗಳನ್ನೂ ತೆಗೆದುಬಿಟ್ಟೆ. ಅದಕ್ಕೊಂದು ಆಜ್ಞೆ ಇದೆ, ಒಂದು ಸಲ ಒತ್ತಿದರೆ ಹದಿನಾಲ್ಕು ಸಿಡಿಯ ಹೆಸರುಗಳೆಲ್ಲ ಸಾದಾ ಆಗುತ್ತವೆ. ಎಟಿಯೆನ್ ಗೀಟೂ ಹೋಯಿತು. ಗ್ರಂಥಾಲಯದವರು ಕೇಳಿದರೆ ಯಂತ್ರದಲ್ಲಿ ಬರಲಿಲ್ಲ ಎಂದರಾಯಿತು. ಪ್ರಭಣ್ಣ ಹೇಳುವುದೂ ಸರಿಯೇ, ಯಾರು ನೋಡುತ್ತಾರೆ. ಗೋಡೆಯ ಪಟ್ಟಿ ಹರಿದು ಹಾಕಿದೆ.

ಆಗಸ್ಟ್ 14, ಬುಧವಾರ

ಕಾಕಾ ಅತಿಯಾಳನ್ನು ಕರೆದುಕೊಂಡು ಬಂದರು. ಬರುತ್ತಾರೆ ಎಂದು ಗೊತ್ತಿತ್ತು. ಅತಿಯಾಳ ಕೂದಲು ಅರ್ಧ ಬೆಳ್ಳಗಾಗಿದೆ. ತೋರುಬೆರಳಿಗೆ ಸೂಜಿ ಚುಚ್ಚಿದ ಕಲೆಗಳು. ನನ್ನನ್ನು ನೋಡಿದ್ದೇ ಎರಡೂ ಕೈ ಹಿಡಿದುಕೊಂಡಳು.

"ಎಷ್ಟ ವರ್ಷ ಆತಲ್ಲ ಅಕ್ಕಾ! ದಪ್ಪ ಆಗೀ ನೋಡು."

ಮೊದಲು ಪರದೆಯ ಮೇಲೆ ಹೆಸರು ತೋರಿಸಿದೆ. ತಂಬೂರಿ: ನೇತ್ರಾ, ಅತಿಯಾ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ನನ್ನ ಹೆಸರ ಯಾಕ ಹಾಕಿದ್ದಿ ಅಕ್ಕಾ, ನಾ ಏನ್ ಮಾಡೇನಿ?" ಎಂದಳು.

ಹೆಡ್‌ಫೋನ್ ಹಾಕಿ ಆ ಭಾಗ ಹಚ್ಚಿದೆ. ಅವಳು ಉಸಿರು ಬಿಗಿಹಿಡಿದು ಕೇಳಿದಳು. ನಾನು ಪ್ರಿಂಟರಿಗೆ ಕಾಗದ ತುಂಬುತ್ತ ನಿಂತೆ. ಕಾಕಾ ಕಿವಿಗೊಟ್ಟು ಪಕ್ಕದಲ್ಲಿ ಕೂತಿದ್ದರು, ಮಗಳ ಮುಖವನ್ನೇ ನೋಡುತ್ತ.

"ಯಾವ ಕಿವ್ಯಾಗ ಬರಾಕತ್ತೈತಿ, ಹೇಳ," ಎಂದರು.

"ಎರಡೂ ಕಿವ್ಯಾಗ ಅಬ್ಬಾ."

ಕಾಕಾ ಹೆಡ್‌ಫೋನ್ ಇಸಿದುಕೊಂಡು ತಾವೂ ಕೇಳಿದರು. ಎರಡು ಸಲ ಕೇಳಿದರು. "ಅವತ್ತ ನನ್ನ ಬಾಜುದಿಂದ ಬಂದಂಗ ಇತ್ತಲ್ಲ ನೇತ್ರವ್ವ?"

"ಅವತ್ತ ಹೆಡ್‌ಫೋನು ಕೆಟ್ಟಿತ್ರಿ ಕಾಕಾ. ಒಂದ ಕಡೆ ಅಷ್ಟ ಕೇಳತಿತ್ತು. ಹೊಸಾದು ತಂದೇನಿ."

ನನ್ನ ಧ್ವನಿ ಸ್ವಲ್ಪವೂ ನಡುಗಲಿಲ್ಲ.

"ಹಂಗೇನ," ಎಂದು ತಲೆದೂಗಿದರು. ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ವಯಸ್ಸಾತ ಬೇ ನನಗ. ಇಕಿಗೆ ಸುಮ್ಮನ ಆಸೆ ಹಚ್ಚಿದ್ನಿ."

ಅತಿಯಾ ಮತ್ತೊಮ್ಮೆ ಹಾಕಿಕೊಂಡು ಕೇಳಿದಳು. ತೆಗೆದ ಮೇಲೆ ಸ್ವಲ್ಪ ಹೊತ್ತು ತನ್ನ ಬೆರಳು ನೋಡಿಕೊಂಡಳು.

"ನಿಂದ ಅಕ್ಕಾ," ಎಂದಳು. "ಇಷ್ಟು ವರ್ಷ ನಾನ ಹಿಡದಿದ್ದೆ ಅಂತ ತಿಳಕೊಂಡಿದ್ನಿ. ಒಬ್ಬಾಕೀನ ಹೊಲಿಗಿ ಹಾಕೂವಾಗ ನೆನಸ್ಕೋತಿದ್ನಿ. ಎಂಥಾ ಹುಚ್ಚಿ ನಾ. ಇಷ್ಟ ಛಂದ ಗಂಟಲಾ ನನಗ ಎಲ್ಲಿಂದ ಬರಬೇಕು?"

ಕಾಕಾ ಅವಳ ತಲೆ ಸವರಿದರು. "ಹೋಗಲಿ ಬಿಡ ಮಗಳ. ನಾ ಅವತ್ತ ಹೇಳಿದ್ದ ಖರೆ ಆತು," ಎಂದರು.

ಚಹಾ ತರಿಸಿದೆ. ಹದಿನೆಂಟನೇ ತಾರೀಖಿಗೆ ಬನ್ನಿ ಎಂದು ಕರಪತ್ರ ಕೊಟ್ಟೆ. ಹೊರಡುವಾಗ ಅತಿಯಾ ಮೊಬೈಲ್ ತೆಗೆದು, ಇದರೊಳಗೆ ಹಾಕಿಕೊಡು, ನನ್ನ ಮಗಳಿಗೆ ನಮ್ಮ ನೇತ್ರಕ್ಕ ಹಾಡಿದ್ದು ಎಂದು ಕೇಳಿಸುತ್ತೇನೆ ಎಂದಳು. ಹಾಕಿಕೊಟ್ಟೆ.

ಗುಡಗೇರಿ ಬಸ್ಸು ತಡವಾಗಿತ್ತು. ಅಂಗಡಿಯಿಂದ ಸ್ಟ್ಯಾಂಡು ಕಾಣುತ್ತದೆ. ಅಪ್ಪ ಮಗಳು ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಅತಿಯಾ ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿ ಒಂದನ್ನು ಅಪ್ಪನ ಕಿವಿಗೆ ಇಟ್ಟಳು, ಇನ್ನೊಂದನ್ನು ತನ್ನ ಕಿವಿಗೆ. ಯಾರಿಗೆ ಎಡದ್ದು, ಯಾರಿಗೆ ಬಲದ್ದು ಎಂದು ಇಲ್ಲಿಂದ ಕಾಣಲಿಲ್ಲ. ಈಗ ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಬಸ್ಸು ಬರುವವರೆಗೂ ಇಬ್ಬರೂ ಕೇಳಿದರು, ಕಾಕಾ ಒಂದೆರಡು ಸಲ ವಾಹ್ ಎಂದಂತೆ ಕೈ ಎತ್ತಿದರು.

ಇವತ್ತು ಗಿರಾಕಿ ಕಡಿಮೆ. ಶಾಲಿನ ಜೊತೆ ಉಡಲು ಯಾವ ಸೀರೆ ಎಂದು ಇನ್ನೂ ನೋಡಬೇಕು.